ನಗಿಸುತ್ತಲೇ ಬೆದರಿಸುವ ‘ಶರೇಡ್’

ಪರೀಕ್ಷೆ ಮುಗಿದ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂತು ಒಂದು ಸಿನಿಮಾ ನೋಡೋಣವೆಂದರೆ ಮೊದಲು ಜಗಳ ಶುರುವಾಗುತ್ತದೆ. ಒಬ್ಬರಿಗೆ ಕೊಲೆ, ಪತ್ತೇದಾರಿ ಬೇಕು. ಇನ್ನೊಬ್ಬರಿಗೆ ಪ್ರೇಮಕಥೆ ಇದ್ದರೇ ಚೆಂದ. ಅಜ್ಜಿಗೆ ನಗು ಬರಬೇಕು. ತಂದೆತಾಯಿಗಂತೂ ಮಕ್ಕಳ ಪಕ್ಕದಲ್ಲಿ ಕೂತಾಗ ತಟ್ಟನೆ ರಿಮೋಟ್ ಹುಡುಕುವಂಥ ದೃಶ್ಯ ಬಾರದಿದ್ದರೆ ಸಾಕು. ಈ ನಾಲ್ಕು ಬೇಡಿಕೆಗಳನ್ನೂ ಒಂದೇ ಚಿತ್ರ ಪೂರೈಸುವುದು ಅಪರೂಪ. 1963ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ತೆರೆಕಂಡ ‘ಶರೇಡ್’ ಅಂಥ ಅಪರೂಪದ ಚಿತ್ರಗಳಲ್ಲೊಂದು.

ಅರವತ್ತು ವರ್ಷ ದಾಟಿದ ಇಂಗ್ಲಿಷ್ ಚಿತ್ರವೆಂದ ಕೂಡಲೇ ಈಗಿನ ಮಕ್ಕಳು ಮೂಗು ಮುರಿಯುವುದುಂಟು. ನಿಧಾನವಾಗಿ ನಡೆಯುವ ಕಥೆ, ಅರ್ಥವಾಗದ ಮಾತು, ಮಾಸಿದ ಬಣ್ಣ ಇರಬಹುದೆಂಬ ಅಂಜಿಕೆ ಅವರದು. ಹಾಗೆ ಅರೆಮನಸ್ಸಿನಿಂದ ಕೂತವರನ್ನು ಮೊದಲ ಹತ್ತು ನಿಮಿಷದಲ್ಲೇ ಒಲಿಸಿಕೊಳ್ಳುವ ಜಾಣತನ ಈ ಚಿತ್ರಕ್ಕಿದೆ. ಓಡುವ ರೈಲಿನಿಂದ ಒಂದು ಹೆಣ ಹೊರಗೆ ಬೀಳುತ್ತದೆ. ಸುಳಿಸುಳಿಯಾಗಿ ತಿರುಗುವ ಬಣ್ಣದ ಬಾಣಗಳ ನಡುವೆ ಕಲಾವಿದರ ಹೆಸರುಗಳು ಮೂಡುತ್ತವೆ. ಆಮೇಲೆ ಹಿಮ ಹೊದ್ದ ಬೆಟ್ಟ. ಬಿಸಿಲು ಕಾಯುತ್ತ ಕೂತ ಚೆಲುವೆಯೊಬ್ಬಳತ್ತ ಮರೆಯಿಂದ ಒಂದು ಪಿಸ್ತೂಲು ಗುರಿಯಿಡುತ್ತದೆ. ನೋಡುವವರು ಉಸಿರು ಬಿಗಿಹಿಡಿದಾಗ ಪಿಸ್ತೂಲಿನಿಂದ ಹಾರುವುದು ನೀರು! ಅದು ಪುಟ್ಟ ಹುಡುಗನ ಆಟಿಕೆ. ಇಡೀ ಚಿತ್ರದ ಧಾಟಿ ಇದೇ. ಹೆದರಿಸಿ ನಗಿಸುತ್ತದೆ, ನಗಿಸಿ ಹೆದರಿಸುತ್ತದೆ.

ಕಾಲೇಜಿನ ವಾರ್ಷಿಕೋತ್ಸವಗಳಲ್ಲಿ ಬಾಯಿ ಬಿಡದೆ ಅಭಿನಯಿಸಿ ಸಿನಿಮಾದ ಹೆಸರು ಊಹಿಸುವಂತೆ ಮಾಡುವ ‘ಡಂಬ್ ಶರಾಡ್ಸ್’ ಆಟ ವಿದ್ಯಾರ್ಥಿಗಳಿಗೆ ಗೊತ್ತೇ ಇದೆ. ಚಿತ್ರದ ಹೆಸರೂ ಅದೇ ಪದ. ಒಗಟಿನ ಆಟ, ತೋರಿಕೆಯ ನಾಟಕ ಎಂಬ ಎರಡೂ ಅರ್ಥಗಳು ಇಲ್ಲಿ ಚೆನ್ನಾಗಿ ಹೊಂದಿಕೊಳ್ಳುತ್ತವೆ.

ಖಾಲಿ ಮನೆ, ಒಂದು ಚೀಲ

ಕಥೆಯ ನಾಯಕಿ ರೆಜಿನಾ ಲ್ಯಾಂಪರ್ಟ್. ಪ್ಯಾರಿಸ್ಸಿನಲ್ಲಿ ವಾಸ. ಗೆಳತಿ ಸಿಲ್ವಿ ಮತ್ತು ಅವಳ ಮಗ ಜಾನ್-ಲೂಯಿಯ ಜೊತೆ ಆಲ್ಪ್ಸ್ ಪರ್ವತದ ಮೆಜೆವ್ ಎಂಬಲ್ಲಿಗೆ ರಜೆ ಕಳೆಯಲು ಬಂದಿದ್ದಾಳೆ. ಗಂಡ ಚಾರ್ಲ್ಸ್‌ನಿಂದ ವಿಚ್ಛೇದನ ಪಡೆಯುವ ಯೋಚನೆಯಲ್ಲಿದ್ದಾಳೆ. ಅಲ್ಲಿ ಪೀಟರ್ ಜೋಶುವಾ ಎಂಬ ಸಭ್ಯಸ್ಥನ ಪರಿಚಯವಾಗುತ್ತದೆ. ರಜೆ ಮುಗಿಸಿ ಮನೆಗೆ ಬಂದು ನೋಡಿದರೆ ಒಂದು ಕುರ್ಚಿಯೂ ಉಳಿದಿಲ್ಲ, ಬೀರುವಿನಲ್ಲಿ ಒಂದು ಬಟ್ಟೆಯೂ ಇಲ್ಲ. ಗಂಡ ಎಲ್ಲವನ್ನೂ ಹರಾಜು ಹಾಕಿದ್ದಾನೆ. ರೈಲಿನಿಂದ ಬಿದ್ದ ಹೆಣ ಅವನದೇ. ಹರಾಜಿನಿಂದ ಬಂದ ಹಣ ಮಾತ್ರ ಎಲ್ಲೂ ಇಲ್ಲ.

ಪೊಲೀಸ್ ಇನ್ಸ್‌ಪೆಕ್ಟರು ಅವಳ ಕೈಗೆ ಗಂಡನ ಪ್ರಯಾಣದ ಚೀಲವನ್ನು ಕೊಡುತ್ತಾನೆ. ಅದರಲ್ಲಿ ಬಾಚಣಿಗೆ, ಪೆನ್ನು, ಹಲ್ಲುಪುಡಿಯ ಡಬ್ಬಿ, ದಿನಚರಿ, ಹೆಂಡತಿಯ ಹೆಸರಿಗೆ ಬರೆದು ಅಂಚೆಗೆ ಹಾಕದ ಒಂದು ಕಾಗದ. ಜೊತೆಗೆ ಬೇರೆ ಬೇರೆ ಹೆಸರಿನ ಪಾಸ್‌ಪೋರ್ಟುಗಳು. ತಾನು ಮದುವೆಯಾದವನು ಯಾರೆಂಬುದೇ ಆಕೆಗೆ ಗೊತ್ತಿರಲಿಲ್ಲ!

ಅಂತ್ಯಕ್ರಿಯೆಯ ಪ್ರಾರ್ಥನೆಗೆ ಬಂದವರು ರೆಜಿನಾ, ಸಿಲ್ವಿ ಮತ್ತು ಇನ್ಸ್‌ಪೆಕ್ಟರು ಮಾತ್ರ. ಆಗ ಒಬ್ಬೊಬ್ಬರಾಗಿ ಮೂವರು ಅಪರಿಚಿತರು ಒಳಗೆ ಬರುತ್ತಾರೆ. ಒಬ್ಬ ಪೆಟ್ಟಿಗೆಯ ಬಳಿ ನಿಂತು ಗಟ್ಟಿಯಾಗಿ ಸೀನುತ್ತಾನೆ. ಇನ್ನೊಬ್ಬ ಸತ್ತವನ ಮೂಗಿನ ಮುಂದೆ ಕನ್ನಡಿ ಹಿಡಿದು ಉಸಿರಿದೆಯೇ ಎಂದು ನೋಡುತ್ತಾನೆ. ಮೂರನೆಯವನು ಹೆಣಕ್ಕೆ ಸೂಜಿ ಚುಚ್ಚಿ ಪರೀಕ್ಷಿಸುತ್ತಾನೆ! ಸಾವಿನ ಮನೆಯಲ್ಲಿ ನಗಬಾರದೆಂದು ಹಿರಿಯರು ಹೇಳಿಕೊಟ್ಟಿದ್ದನ್ನು ಈ ದೃಶ್ಯದಲ್ಲಿ ಪಾಲಿಸುವುದು ಕಷ್ಟ.

ಈ ಮೂವರೂ ಎರಡನೇ ಮಹಾಯುದ್ಧದಲ್ಲಿ ಚಾರ್ಲ್ಸ್‌ನ ಸಂಗಾತಿಗಳು. ಜರ್ಮನರ ವಿರುದ್ಧ ಗುಟ್ಟಾಗಿ ಹೋರಾಡುತ್ತಿದ್ದ ಫ್ರೆಂಚರಿಗೆ ತಲುಪಿಸಬೇಕಿದ್ದ ಎರಡೂವರೆ ಲಕ್ಷ ಡಾಲರ್ ಬೆಲೆಯ ಚಿನ್ನವನ್ನು ಕದ್ದು ಹೂತಿಟ್ಟವರು. ಅದನ್ನು ಚಾರ್ಲ್ಸ್ ಒಬ್ಬನೇ ಅಗೆದುಕೊಂಡು ಪರಾರಿಯಾಗಿದ್ದ. ಈಗ ಅವರ ಕಣ್ಣು ವಿಧವೆಯ ಮೇಲೆ. ಹಣ ನಿನ್ನ ಬಳಿಯೇ ಇದೆ ಎನ್ನುತ್ತಾರೆ ಅವರು. ಅಮೆರಿಕದ ರಾಯಭಾರ ಕಚೇರಿಯ ಅಧಿಕಾರಿಯೂ ಅದನ್ನೇ ಹೇಳುತ್ತಾನೆ. ಆದರೆ ಅವಳ ಬಳಿ ಇರುವುದು ಆ ಚೀಲ ಒಂದೇ.

ನೆರವಿಗೆ ನಿಂತವನು ಪೀಟರ್ ಜೋಶುವಾ. ಅವನೂ ಸಾಚಾ ಅಲ್ಲ. ಸ್ವಲ್ಪ ಹೊತ್ತಿನಲ್ಲೇ ಅವನ ಹೆಸರು ಬೇರೆಯೆಂದು ತಿಳಿಯುತ್ತದೆ. ಆ ಹೆಸರೂ ಸುಳ್ಳೆಂದು ಆಮೇಲೆ ಗೊತ್ತಾಗುತ್ತದೆ. ಚಿತ್ರ ಮುಗಿಯುವ ಹೊತ್ತಿಗೆ ಅವನ ಹೆಸರುಗಳು ನಾಲ್ಕಾಗಿರುತ್ತವೆ. ಹೊಸ ಹೆಸರು ಕೇಳಿದಾಗಲೆಲ್ಲ ರೆಜಿನಾ, ಆ ಹೆಸರಿನ ಹೆಂಡತಿಯೂ ಇದ್ದಾಳೆಯೇ ಎಂದು ವಿಚಾರಿಸುತ್ತಾಳೆ. ಪ್ರಾಣ ಹೋಗುವ ಗಳಿಗೆಯಲ್ಲೂ ಅವಳಿಗೆ ಅದರದ್ದೇ ಚಿಂತೆ. ಅತ್ತ ಆ ಮೂವರಲ್ಲಿ ಒಬ್ಬೊಬ್ಬರೇ ಕೊಲೆಯಾಗತೊಡಗುತ್ತಾರೆ.

ಕೊಲೆಗಾರ ಯಾರೆಂದು ಇಲ್ಲಿ ಹೇಳಿಬಿಡುವುದು ನ್ಯಾಯವಲ್ಲ.

ತಿರಸ್ಕಾರವಾದ ಕಥೆ

ಈ ಚಿತ್ರದ ಹಿಂದಿನ ಕಥೆಯೂ ವಿದ್ಯಾರ್ಥಿಗಳು ತಿಳಿಯಬೇಕಾದದ್ದೇ. ಚಿತ್ರಕಥೆಗಾರ ಪೀಟರ್ ಸ್ಟೋನ್ ಇದನ್ನು ಮಾರ್ಕ್ ಬೆಮ್ ಜೊತೆ ಸೇರಿ ಹೆಣೆದ. ಹಾಲಿವುಡ್ಡಿನ ಸ್ಟುಡಿಯೋಗಳ ಬಾಗಿಲು ಬಡಿದರೆ ಯಾರಿಗೂ ಕಥೆ ಹಿಡಿಸಲಿಲ್ಲ. ಸ್ಟೋನ್ ಬೇಸರಿಸಿ ಕೈಚೆಲ್ಲದೆ ಅದನ್ನೇ ಕಾದಂಬರಿಯಾಗಿ ಬರೆದ. ಅದು ‘ರೆಡ್‌ಬುಕ್’ ಎಂಬ ಮಾಸಪತ್ರಿಕೆಯಲ್ಲಿ ಪ್ರಕಟವಾಯಿತು. ಹಿಂದೆ ಬೇಡವೆಂದಿದ್ದ ಸ್ಟುಡಿಯೋಗಳೇ ಆಗ ಹಕ್ಕು ಕೊಳ್ಳಲು ಮುಂದೆ ಬಂದವು. ಸರಕು ಅದೇ, ಕಟ್ಟಿದ ಕಾಗದ ಮಾತ್ರ ಬೇರೆ. ಅಪರಾಧ ಕಥೆಗಾರರ ಅಮೆರಿಕನ್ ಸಂಘ ಕೊಡುವ ಎಡ್ಗರ್ ಪ್ರಶಸ್ತಿ 1964ರಲ್ಲಿ ಇದೇ ಚಿತ್ರಕಥೆಗೆ ಸಂದಿತು.

ನಿರ್ಮಾಪಕನೂ ನಿರ್ದೇಶಕನೂ ಆದ ಸ್ಟ್ಯಾನ್ಲಿ ಡೋನೆನ್ ಹಾಡು ಕುಣಿತಗಳ ಚಿತ್ರಗಳಿಗೆ ಹೆಸರಾಗಿದ್ದವನು. 1952ರ ‘ಸಿಂಗಿಂಗ್ ಇನ್ ದ ರೇನ್’ ಚಿತ್ರವನ್ನು ಜೀನ್ ಕೆಲ್ಲಿಯ ಜೊತೆ ನಿರ್ದೇಶಿಸಿದವನು ಇವನೇ. ‘ಶರೇಡ್’ನಲ್ಲಿ ಕುಣಿತವಿಲ್ಲ. ಆದರೆ ಬೆನ್ನಟ್ಟುವ ದೃಶ್ಯಗಳಲ್ಲೂ ಜಗಳದ ದೃಶ್ಯಗಳಲ್ಲೂ ತಾಳ ತಪ್ಪದ ಒಂದು ನಡೆಯಿದೆ. ಸಂಗೀತ ಹೆನ್ರಿ ಮ್ಯಾನ್ಸಿನಿಯದು. ಶೀರ್ಷಿಕೆ ಗೀತೆ ಆಸ್ಕರ್ ಪ್ರಶಸ್ತಿಗೆ ನಾಮಕರಣಗೊಂಡಿತ್ತು.

ನಾಯಕ ಕ್ಯಾರಿ ಗ್ರಾಂಟ್ ಹುಟ್ಟಿದ್ದು 1904ರಲ್ಲಿ. ನಾಯಕಿ ಆಡ್ರೆ ಹೆಪ್‌ಬರ್ನ್ 1929ರಲ್ಲಿ. ಇಪ್ಪತ್ತೈದು ವರ್ಷಗಳ ಅಂತರ! ವಯಸ್ಸಾದ ನಾಯಕ ಎಳೆಯ ನಾಯಕಿಯ ಹಿಂದೆ ಸುತ್ತುವುದು ಎಲ್ಲ ದೇಶದ ಸಿನಿಮಾಗಳಲ್ಲೂ ಇದ್ದದ್ದೇ. ಗ್ರಾಂಟ್‌ಗೆ ಮಾತ್ರ ಅದು ಮುಜುಗರ ತಂದಿತು. ತಾನು ಅವಳ ಬೆನ್ನು ಹತ್ತಿದರೆ ಚೆನ್ನಾಗಿರುವುದಿಲ್ಲ, ಅವಳೇ ತನ್ನ ಹಿಂದೆ ಬೀಳುವಂತೆ ಮಾತುಗಳನ್ನು ಬದಲಿಸಿ ಎಂದು ಕೇಳಿಕೊಂಡ. ಸ್ಟೋನ್ ಹಾಗೆಯೇ ಮಾಡಿದ. ನಾಯಕನೇ ತನ್ನ ವಯಸ್ಸನ್ನು ಗೇಲಿ ಮಾಡಿಕೊಂಡು ತಪ್ಪಿಸಿಕೊಳ್ಳುತ್ತಾನೆ, ನಾಯಕಿ ಬಿಡುವುದಿಲ್ಲ. ಚಿತ್ರದ ನಗುವಿನಲ್ಲಿ ದೊಡ್ಡ ಪಾಲು ಈ ಬದಲಾವಣೆಯಿಂದ ಹುಟ್ಟಿದ್ದು. ಒಬ್ಬ ನಟನ ಸಂಕೋಚವೇ ಚಿತ್ರಕ್ಕೆ ಬಂಡವಾಳವಾಯಿತು.

ಅವಳನ್ನು ನಗಿಸಲು ಅವನು ಸೂಟು ಬೂಟಿನ ಸಮೇತ ಶವರಿನಡಿ ನಿಂತು ಸ್ನಾನ ಮಾಡುವುದು, ರಾತ್ರಿಯ ಕ್ಲಬ್ಬಿನಲ್ಲಿ ಕೈ ಮುಟ್ಟಿಸದೆ ಗದ್ದದಡಿಯಿಂದ ಗದ್ದದಡಿಗೆ ಕಿತ್ತಳೆ ದಾಟಿಸುವ ಆಟ, ಸೇನ್ ನದಿಯ ದಂಡೆಯಲ್ಲಿ ಅವಳ ಐಸ್‌ಕ್ರೀಮು ಅವನ ಕೋಟಿಗೆ ಮೆತ್ತಿಕೊಳ್ಳುವುದು ಎಲ್ಲವೂ ಸಣ್ಣ ಸಣ್ಣ ಸಂಗತಿಗಳು. ಪ್ರೇಮವನ್ನು ತೋರಿಸಲು ಚಿತ್ರ ಇಷ್ಟರಲ್ಲೇ ತೃಪ್ತಿಪಟ್ಟಿದೆ. ತಂದೆತಾಯಿ ರಿಮೋಟಿಗೆ ತಡಕಾಡಬೇಕಿಲ್ಲ. ಆದರೆ ಕೊಲೆಯಾದವರ ಮುಖಗಳು ಒಂದೆರಡು ಕಡೆ ಗಕ್ಕನೆ ಕಾಣಿಸುತ್ತವೆ. ಹಾಗಾಗಿ ತೀರಾ ಚಿಕ್ಕವರಿಗಿಂತ ಹೈಸ್ಕೂಲು ಮೆಟ್ಟಿಲು ಹತ್ತಿದವರಿಗೆ ಈ ಚಿತ್ರ ಸೂಕ್ತ.

ಗ್ರಾಂಟ್ ಮತ್ತು ಹೆಪ್‌ಬರ್ನ್ ಜೊತೆಯಾಗಿ ನಟಿಸಿದ್ದು ಇದೊಂದೇ ಚಿತ್ರದಲ್ಲಿ. ಗ್ರಾಂಟ್ ಆಮೇಲೆ ಎರಡೇ ಚಿತ್ರ ಮಾಡಿ 1966ರ ಬಳಿಕ ಬಣ್ಣ ಹಚ್ಚಲಿಲ್ಲ. ಹೆಪ್‌ಬರ್ನ್‌ಗೆ ಈ ಪಾತ್ರಕ್ಕಾಗಿ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ದೊರೆಯಿತು. ಮುಂದೆ ಆಕೆ ಯೂನಿಸೆಫ್ ಪರವಾಗಿ ಹಸಿದ ಮಕ್ಕಳ ನಾಡುಗಳನ್ನು ಸುತ್ತಿ 1993ರಲ್ಲಿ ತೀರಿಕೊಂಡಳು. ಅಧಿಕಾರಿಯ ಪಾತ್ರದ ವಾಲ್ಟರ್ ಮ್ಯಾಥೋ, ಕನ್ನಡಿ ಹಿಡಿದ ಜೇಮ್ಸ್ ಕೋಬರ್ನ್, ಒಂದು ಕೈಯ ಜಾಗದಲ್ಲಿ ಲೋಹದ ಕೊಕ್ಕೆಯಿರುವ ಜಾರ್ಜ್ ಕೆನಡಿ ಮೂವರೂ ಆಗಿನ್ನೂ ಮೇಲೇರುತ್ತಿದ್ದ ನಟರು. ಮೂವರೂ ಮುಂದೆ ಬೇರೆ ಬೇರೆ ಚಿತ್ರಗಳಿಗಾಗಿ ಪೋಷಕ ನಟರ ಆಸ್ಕರ್ ಗೆದ್ದರು. ಕೋಬರ್ನ್ ಅದಕ್ಕಾಗಿ 1998ರ ಚಿತ್ರದವರೆಗೂ ಕಾಯಬೇಕಾಯಿತು.

ಮರೆತುಹೋದ ಒಂದು ಪದ

ಇಷ್ಟು ದೊಡ್ಡ ತಾರೆಯರು, ಇಷ್ಟು ದುಬಾರಿ ಚಿತ್ರ. ಆದರೂ ತೆರೆಕಂಡ ದಿನವೇ ಅಮೆರಿಕದಲ್ಲಿ ಇದು ಯಾರಪ್ಪನ ಆಸ್ತಿಯೂ ಅಲ್ಲದಂತಾಯಿತು! ಆ ಕಾಲದ ಅಮೆರಿಕದ ಕಾನೂನಿನಂತೆ ಪ್ರತಿ ಕೃತಿಯ ಮೇಲೂ ‘ಕಾಪಿರೈಟ್’ ಎಂಬ ಪದವನ್ನೋ ವೃತ್ತದೊಳಗಿನ ಸಿ ಅಕ್ಷರವನ್ನೋ ನಮೂದಿಸಲೇಬೇಕಿತ್ತು. ‘ಶರೇಡ್’ನ ಶೀರ್ಷಿಕೆಯಲ್ಲಿ ವರ್ಷ ಇತ್ತು, ಕಂಪನಿಯ ಹೆಸರಿತ್ತು, ಎಲ್ಲ ಹಕ್ಕುಗಳನ್ನು ಕಾದಿರಿಸಿದೆ ಎಂಬ ಎಚ್ಚರಿಕೆಯೂ ಇತ್ತು. ಬೇಕಾದ ಆ ಒಂದು ಪದವೇ ಇರಲಿಲ್ಲ. ಉತ್ತರವನ್ನೆಲ್ಲ ಸರಿಯಾಗಿ ಬರೆದ ವಿದ್ಯಾರ್ಥಿ ಉತ್ತರಪತ್ರಿಕೆಯ ಮೇಲೆ ನೋಂದಣಿ ಸಂಖ್ಯೆ ಬರೆಯಲು ಮರೆತಂತಾಯಿತು.

ಪರಿಣಾಮವಾಗಿ ಯಾರು ಬೇಕಾದರೂ ಚಿತ್ರವನ್ನು ನಕಲು ಮಾಡಿ ಮಾರಬಹುದಾಯಿತು. ವಿಡಿಯೋ ಕ್ಯಾಸೆಟ್ಟಿನ ಕಾಲ ಬಂದಾಗ ಬಣ್ಣಗೆಟ್ಟ, ದನಿ ಒಡೆದ ಅಗ್ಗದ ಪ್ರತಿಗಳು ಎಲ್ಲೆಲ್ಲೂ ಹರಡಿದವು. ಹಾಡು ಮತ್ತು ಸಂಗೀತದ ಹಕ್ಕು ಮಾತ್ರ ಪ್ರತ್ಯೇಕವಾಗಿದ್ದುದರಿಂದ ಉಳಿದುಕೊಂಡಿತು. 1989ರ ಮಾರ್ಚ್ 1ರಿಂದ ಅಮೆರಿಕದಲ್ಲೂ ಇಂಥ ನಮೂದು ಕಡ್ಡಾಯವಲ್ಲ. ‘ಶರೇಡ್’ಗೆ ಅದರಿಂದ ಲಾಭವಾಗಲಿಲ್ಲ. ಇನ್ನೊಂದು ರೀತಿಯಲ್ಲಿ ನೋಡಿದರೆ ಈ ತಪ್ಪಿನಿಂದಲೇ ಚಿತ್ರ ಅಸಂಖ್ಯ ಮನೆಗಳ ಟಿ.ವಿ.ಯನ್ನು ತಲುಪಿತು. 2022ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಯ ಪಟ್ಟಿಗೂ ಸೇರಿ ಕಾಪಾಡಬೇಕಾದ ಚಿತ್ರವೆಂಬ ಗೌರವ ಪಡೆಯಿತು. ನೋಡುವವರು ಬಣ್ಣ ನಿಚ್ಚಳವಾಗಿರುವ ಪ್ರತಿಯನ್ನೇ ಹುಡುಕಿಕೊಳ್ಳುವುದು ಒಳ್ಳೆಯದು.

ಕಣ್ಣೆದುರೇ ಇದ್ದ ಗುಟ್ಟು

(ಹಣ ಎಲ್ಲಿತ್ತೆಂಬುದನ್ನು ತಾವೇ ಕಂಡುಹಿಡಿಯಬೇಕೆನ್ನುವವರು ಈ ಭಾಗವನ್ನು ಚಿತ್ರ ನೋಡಿದ ಮೇಲೆ ಓದಬಹುದು.)

ಆ ಚೀಲವನ್ನು ಚಿತ್ರದ ಉದ್ದಕ್ಕೂ ಒಬ್ಬರಾದ ಮೇಲೊಬ್ಬರು ತಡಕುತ್ತಾರೆ. ಹಲ್ಲುಪುಡಿಯ ರುಚಿ ನೋಡುತ್ತಾರೆ. ಕಾಗದವನ್ನು ಮತ್ತೆ ಮತ್ತೆ ಓದುತ್ತಾರೆ. ಲಕೋಟೆಯ ಮೇಲೆ ಅಂಟಿಸಿದ ಅಂಚೆಚೀಟಿಗಳನ್ನು ಮಾತ್ರ ಯಾರೂ ಗಮನಿಸುವುದಿಲ್ಲ. ಎರಡೂವರೆ ಲಕ್ಷ ಡಾಲರ್ ಇದ್ದದ್ದು ಅಲ್ಲೇ!

ಅದನ್ನು ನೋಡಿದವನು ಒಬ್ಬನೇ, ಅಂಚೆಚೀಟಿ ಸಂಗ್ರಹಿಸುವ ಹವ್ಯಾಸದ ಪುಟ್ಟ ಜಾನ್-ಲೂಯಿ. ಅವನಿಗೆ ಅವು ಬೆಲೆಬಾಳುವ ಚೀಟಿಗಳೆಂದು ಗೊತ್ತಿಲ್ಲ. ರೆಜಿನಾ ಕೊಟ್ಟಳೆಂದು ಖುಷಿಯಿಂದ ತೆಗೆದುಕೊಂಡು ಹೋಗಿ ಪ್ಯಾರಿಸ್ಸಿನ ಶಾನ್ಸೆಲಿಜೆ ಉದ್ಯಾನದ ಅಂಚೆಚೀಟಿ ಸಂತೆಯಲ್ಲಿ ಬೇರೆ ಚೀಟಿಗಳ ದಪ್ಪ ಪೊಟ್ಟಣಕ್ಕೆ ಬದಲಾಯಿಸಿಕೊಂಡು ಬರುತ್ತಾನೆ. ಈ ಸಂತೆ ಕಲ್ಪನೆಯದಲ್ಲ, 19ನೇ ಶತಮಾನದಲ್ಲೇ ಶುರುವಾದದ್ದು. ಚಿತ್ರದ ಚೀಟಿಗಳಿಗೂ ನಿಜವಾದ ಮಾದರಿಗಳಿವೆ. ಹವಾಯಿಯ 1851ರ ಚೀಟಿ, ಮೊಲ್ಡಾವಿಯಾದ 1858ರ ಚೀಟಿ ಮತ್ತು ಸ್ವೀಡನ್ನಿನ 1855ರ ಮೂರು ಸ್ಕಿಲಿಂಗ್ ಚೀಟಿ. ಚಿತ್ರದವರು ಹೆಸರು, ಬೆಲೆಗಳನ್ನು ಒಂದಿಷ್ಟು ಬದಲಿಸಿಕೊಂಡಿದ್ದಾರೆ.

ಸ್ವೀಡನ್ನಿನ ಆ ಚೀಟಿ ಹಸಿರು ಬಣ್ಣದಲ್ಲಿ ಅಚ್ಚಾಗಬೇಕಿತ್ತು. ತಪ್ಪಿನಿಂದ ಹಳದಿಯಲ್ಲಿ ಅಚ್ಚಾಯಿತು. ತಿಳಿದುಬಂದಿರುವಂತೆ ಅಂಥದ್ದು ಉಳಿದಿರುವುದು ಒಂದೇ ಒಂದು. 1880ರ ದಶಕದಲ್ಲಿ ಶಾಲೆಯ ಹುಡುಗನೊಬ್ಬ ಅಜ್ಜಿಯ ಮನೆಯ ಹಳೆಯ ಕಾಗದಗಳ ನಡುವೆ ಅದನ್ನು ಕಂಡು ವ್ಯಾಪಾರಿಗೆ 7 ಕ್ರೋನರ್‌ಗೆ ಮಾರಿದ. 1996ರ ಹರಾಜಿನಲ್ಲಿ ಅದಕ್ಕೆ ಬಂದ ಬೆಲೆ 28 ಲಕ್ಷ 75 ಸಾವಿರ ಸ್ವಿಸ್ ಫ್ರಾಂಕ್! ಚಿತ್ರದ ಹುಡುಗನೂ ನಿಜ ಜೀವನದ ಹುಡುಗನೂ ಮಾಡಿದ್ದು ಒಂದೇ ಬಗೆಯ ವ್ಯಾಪಾರ.

ಚಿತ್ರದ ಅತ್ಯುತ್ತಮ ದೃಶ್ಯ ಬರುವುದು ಇಲ್ಲಿ. ಓಡೋಡಿ ಬಂದ ರೆಜಿನಾ ಸಂತೆಯಲ್ಲಿ ಆ ವ್ಯಾಪಾರಿಯನ್ನು ಪತ್ತೆಹಚ್ಚುತ್ತಾಳೆ. ಕನ್ನಡಕ ಹಾಕಿದ ಶಾಂತ ಮುದುಕ. ಹೆಸರು ಫೆಲಿಕ್ಸ್. ಅವನು ವಾದ ಮಾಡುವುದಿಲ್ಲ, ಕೊಂಡದ್ದು ಕೊಂಡಾಯಿತು ಎನ್ನುವುದಿಲ್ಲ. ಯಾರಾದರೂ ಬಂದೇ ಬರುತ್ತಾರೆಂದು ಕಾಯುತ್ತಿದ್ದವನಂತೆ ಒಂದೊಂದೇ ಚೀಟಿಯನ್ನು ಹೊರತೆಗೆದು, ಅದರ ಊರು, ವಯಸ್ಸು, ಬೆಲೆಗಳನ್ನು ಭಕ್ತಿಯಿಂದ ವಿವರಿಸಿ ಅವಳ ಕೈಗಿಡುತ್ತಾನೆ. ಕೆಲವು ನಿಮಿಷಗಳ ಮಟ್ಟಿಗಾದರೂ ಅವು ತನ್ನವಾಗಿದ್ದವಲ್ಲ ಎಂಬ ತೃಪ್ತಿಯೇ ಅವನಿಗೆ ಸಾಕು.

ಕಾಣೆಯಾದ ಹಣದ ಹಿಂದೆ ಓಡುವವರಿಂದ ತುಂಬಿದ ಚಿತ್ರ ಇದು. ಹೆಸರು ಬದಲಿಸುವವರು, ಸ್ನೇಹಿತನಿಗೇ ಕೈಕೊಟ್ಟವರು, ಕೊಲ್ಲಲು ಹೇಸದವರು ಅವರಲ್ಲಿದ್ದಾರೆ. ಆ ಹಣ ತಾನಾಗಿಯೇ ಕೈಗೆ ಬಂದಾಗ ಮರಳಿ ಕೊಟ್ಟವನು ಈ ವ್ಯಾಪಾರಿ ಒಬ್ಬನೇ. ತೆರೆಯ ಮೇಲೆ ಅವನಿರುವುದು ಕೆಲವೇ ನಿಮಿಷ. ಅವನು ಸುಳ್ಳು ಹೇಳಿದ್ದರೆ ಕೇಳುವವರು ಯಾರೂ ಇರಲಿಲ್ಲ. ಚೀಟಿಗಳ ಬೆಲೆ ಅವನಿಗೆ ಗೊತ್ತಿತ್ತು, ಹುಡುಗನಿಗೆ ಗೊತ್ತಿರಲಿಲ್ಲ ಎಂಬುದೇ ಅವನ ಕೈ ಕಟ್ಟಿಹಾಕಿತು. ತಿಳಿದವನಿಗೆ ತಿಳಿಯದವನ ಮೇಲಿರುವ ಹೊಣೆ ಏನೆಂದು ಇಷ್ಟು ಸರಳವಾಗಿ ಹೇಳಿದ ದೃಶ್ಯಗಳು ಕಡಿಮೆ.

ಯಾರನ್ನು ನಂಬುವುದು?

ಕೊನೆಯ ಘಟ್ಟದಲ್ಲಿ ರಾತ್ರಿಯ ಹೊತ್ತು, ಪ್ಯಾಲೆ ರಾಯಲ್‌ನ ಕಲ್ಲಿನ ಕಂಬಗಳ ನಡುವೆ ರೆಜಿನಾ ಒಬ್ಬಳೇ ನಿಂತಿದ್ದಾಳೆ. ಒಂದು ಕಡೆ ಒಬ್ಬ, ಇನ್ನೊಂದು ಕಡೆ ಇನ್ನೊಬ್ಬ. ಇಬ್ಬರೂ ಅವಳನ್ನು ತನ್ನತ್ತ ಕರೆಯುತ್ತಾರೆ, ಇಬ್ಬರೂ ಇನ್ನೊಬ್ಬನೇ ಕೊಲೆಗಾರನೆನ್ನುತ್ತಾರೆ. ಇಬ್ಬರಲ್ಲಿ ಒಬ್ಬನ ಕಡೆ ಹೆಜ್ಜೆಯಿಟ್ಟರೆ ಬದುಕು, ಇನ್ನೊಬ್ಬನ ಕಡೆ ಇಟ್ಟರೆ ಸಾವು. ಯೋಚಿಸಲು ಕೆಲವೇ ಕ್ಷಣ.

ಮನೆಯಲ್ಲಿ ನೋಡುವವರು ಇಲ್ಲಿ ಚಿತ್ರವನ್ನು ಒಂದು ನಿಮಿಷ ನಿಲ್ಲಿಸುವುದು ಒಳ್ಳೆಯದು. ನೀನಾಗಿದ್ದರೆ ಯಾರನ್ನು ನಂಬುತ್ತಿದ್ದೆ ಎಂದು ಮಕ್ಕಳನ್ನು ಕೇಳಬೇಕು. ಉತ್ತರಕ್ಕಿಂತ ಕಾರಣ ಮುಖ್ಯ. ಯಾರು ಯಾವಾಗ ಏನು ಹೇಳಿದ, ಹೇಳಿದ್ದಕ್ಕೂ ಮಾಡಿದ್ದಕ್ಕೂ ಹೊಂದಿಕೆಯಿತ್ತೇ, ಅವಳು ತಾನೇ ಕಣ್ಣಾರೆ ಕಂಡದ್ದೆಷ್ಟು, ಬೇರೆಯವರು ಹೇಳಿ ನಂಬಿಸಿದ್ದೆಷ್ಟು? ಚಿತ್ರವನ್ನು ಗಮನವಿಟ್ಟು ನೋಡಿದ ಮಕ್ಕಳು ಸೂಚನೆಗಳನ್ನು ಹೆಕ್ಕಿ ಕೊಡುತ್ತಾರೆ. ಸುಮ್ಮನೆ ನೋಡಿದವರು ಸುಂದರನಾದವನನ್ನು ಆರಿಸುತ್ತಾರೆ.

ಈ ಕಡೆಯ ಮಾತಿನಲ್ಲೇ ಚಿತ್ರದ ದೌರ್ಬಲ್ಯವೂ ಅಡಗಿದೆ. ಒಂದಲ್ಲ ಎರಡಲ್ಲ, ಮೂರು ಸಲ ಸುಳ್ಳು ಹೆಸರು ಹೇಳಿದವನನ್ನು ರೆಜಿನಾ ಸಲೀಸಾಗಿ ಕ್ಷಮಿಸುತ್ತಾಳೆ. ಅವನು ಕ್ಯಾರಿ ಗ್ರಾಂಟ್ ಆಗಿದ್ದರಿಂದ ಪ್ರೇಕ್ಷಕರೂ ಕ್ಷಮಿಸುತ್ತಾರೆ. ಸಿನಿಮಾದಲ್ಲಿ ಅದು ನಗುವಿನ ಸಂಗತಿ. ಮೊಬೈಲಿನಲ್ಲಿ ಯಾವುದೋ ಹೆಸರು, ಯಾರದೋ ಭಾವಚಿತ್ರ ಇಟ್ಟುಕೊಂಡು ಮಕ್ಕಳೊಡನೆ ಸಲಿಗೆ ಬೆಳೆಸುವವರ ಈ ಕಾಲದಲ್ಲಿ ಮನೆಯ ಹಿರಿಯರು ಅದನ್ನು ಅಷ್ಟಕ್ಕೇ ಬಿಡುವಂತಿಲ್ಲ. ಹೆಸರನ್ನೇ ಸುಳ್ಳು ಹೇಳಿದವನ ಮುಂದಿನ ಮಾತನ್ನು ನಂಬಲು ರೆಜಿನಾ ಇನ್ನೇನು ಪುರಾವೆ ಕೇಳಬೇಕಿತ್ತು ಎಂಬ ಚರ್ಚೆಗೆ ಚಿತ್ರವೇ ಒಳ್ಳೆಯ ನೆಪ. ಬುದ್ಧಿವಾದವೆಂದು ಶುರುಮಾಡಿದರೆ ಕಿವಿ ಮುಚ್ಚಿಕೊಳ್ಳುವ ಮಕ್ಕಳು ರೆಜಿನಾಳ ತಪ್ಪುಗಳನ್ನು ಎತ್ತಿ ಆಡುವುದರಲ್ಲಿ ಹಿಂದೆ ಬೀಳುವುದಿಲ್ಲ.

2002ರಲ್ಲಿ ಇದೇ ಕಥೆಯನ್ನು ಜೊನಾಥನ್ ಡೆಮ್ಮಿ ‘ದ ಟ್ರೂತ್ ಅಬೌಟ್ ಚಾರ್ಲಿ’ ಎಂಬ ಹೆಸರಿನಲ್ಲಿ ಮತ್ತೆ ತೆರೆಗೆ ತಂದ. ಪ್ಯಾರಿಸ್ ಅದೇ, ಒಗಟೂ ಅದೇ. ಆದರೂ ಜನ ಹಳೆಯದರತ್ತಲೇ ಮರಳಿದರು. ಒಗಟು ಬಿಡಿಸಿದ ಮೇಲೂ ‘ಶರೇಡ್’ ಮತ್ತೊಮ್ಮೆ ನೋಡುವಂತಿರುವುದೇ ಅದಕ್ಕೆ ಕಾರಣ. ಎರಡನೆಯ ಸಲ ನೋಡುವಾಗ ಕೊಲೆಗಾರ ಯಾರೆಂದು ಗೊತ್ತಿರುತ್ತದೆ, ಹಣ ಎಲ್ಲಿದೆಯೆಂದೂ ಗೊತ್ತಿರುತ್ತದೆ. ಆಗ ಪ್ರತಿಯೊಬ್ಬನೂ ಸುಳ್ಳು ಹೇಳುವಾಗ ಅವನ ಕಣ್ಣು ಎತ್ತ ನೋಡುತ್ತದೆಂದು ಗಮನಿಸಲು ಪುರುಸೊತ್ತು ಸಿಗುತ್ತದೆ. 113 ನಿಮಿಷಗಳ ಈ ಚಿತ್ರಕ್ಕೆ ಒಂದು ಭಾನುವಾರದ ಮಧ್ಯಾಹ್ನ ಸಾಕು.